‘9999 ಇನ್ 1’ ಡಬ್ಬಿಯ ಒಳಗೆ ಏನಿದೆ?

ಹೈದರಾಬಾದಿನ ಬೇಗಂ ಬಜಾರಿನ ಆಟಿಕೆ ಅಂಗಡಿಗಳಲ್ಲಿ ‘ಟಿವಿ ಗೇಮ್’ ಕೇಳಿದರೆ ಈಗಲೂ ಒಂದು ರಟ್ಟಿನ ಡಬ್ಬಿ ಸಿಗುತ್ತದೆ. ಮೇಲೆ ಹೊಸ ಪ್ಲೇಸ್ಟೇಷನ್ನಿನಂಥ ಚಿತ್ರ. ಪಕ್ಕದಲ್ಲಿ ಮೀಸೆ ಮಾರಿಯೋ. ಕೆಳಗೆ ದಪ್ಪ ಅಕ್ಷರದಲ್ಲಿ ‘9999 ಇನ್ 1’. ಬೆಲೆ ಸಾವಿರದ ಆಸುಪಾಸು. ಕಾಚಿಗುಡದ ಕನ್ನಡ ಮನೆಗಳಲ್ಲಾಗಲಿ, ಬೀದರ್ ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಖರೀದಿಗೆ ಬರುವ ನೆಂಟರಲ್ಲಾಗಲಿ, ಈ ಡಬ್ಬಿ ನೋಡಿದವರು ಕೇಳುವುದು ಹೆಚ್ಚುಕಡಿಮೆ ಒಂದೇ: ಇದು ಅಸಲಿಯೇ? ಸಾವಿರ ರೂಪಾಯಿಗೆ ಹತ್ತು ಸಾವಿರ ಆಟ ಹೇಗೆ ಕೊಡುತ್ತಾರೆ? ಮಕ್ಕಳಿಗೆ ಕೊಡಿಸಿದರೆ ತಪ್ಪಾಗುತ್ತದೆಯೇ?

ಒಂದೊಂದಾಗಿ ನೋಡೋಣ.

ಮೊದಲು ನಾಲ್ಕು ಪದ. ಟಿವಿಗೆ ಸಿಕ್ಕಿಸಿ ಆಡುವ ಯಂತ್ರ ಕನ್ಸೋಲ್. ಆಟ ತುಂಬಿರುವ ಪ್ಲಾಸ್ಟಿಕ್ ಪೆಟ್ಟಿಗೆಯ ಸರಿಯಾದ ಹೆಸರು ಕಾರ್ಟ್ರಿಡ್ಜ್. ನಮ್ಮಲ್ಲಿ ಎಲ್ಲರೂ ಅದನ್ನು ಕ್ಯಾಸೆಟ್ ಎಂದೇ ಕರೆಯುತ್ತಾರೆ, ಇಲ್ಲೂ ಹಾಗೇ ಬರೆಯುತ್ತೇನೆ. ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ಗುಂಡಿ ದಾಟುತ್ತ ಮುಂದೆ ಸಾಗುವ ಆಟ ಪ್ಲಾಟ್‌ಫಾರ್ಮ್ ಗೇಮ್. ಮಾರಿಯೋ, ಸೋನಿಕ್, ಅಡ್ವೆಂಚರ್ ಐಲ್ಯಾಂಡ್ ಎಲ್ಲವೂ ಈ ಜಾತಿಯವು. ಇನ್ನು ಕ್ಲೋನ್ ಅಂದರೆ ಮೂಲದವರನ್ನು ಕೇಳದೆ ತಯಾರಿಸಿದ ತದ್ರೂಪು. ಯಂತ್ರಕ್ಕೂ ಕ್ಲೋನ್ ಇದೆ, ಆಟಕ್ಕೂ ಇದೆ. ಬೇಗಂ ಬಜಾರಿನ ಡಬ್ಬಿಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

ಯಂತ್ರದ ಮೂಲ ಜಪಾನ್. 1983ರ ಜುಲೈ 15ರಂದು ನಿಂಟೆಂಡೊ ಕಂಪನಿ ಅಲ್ಲಿ ‘ಫ್ಯಾಮಿಕಾಮ್’ ಎಂಬ ಕನ್ಸೋಲ್ ಬಿಡುಗಡೆ ಮಾಡಿತು. ಅದರಲ್ಲಿ ಎರಡು ಮುಖ್ಯ ಚಿಪ್‌ಗಳಿದ್ದವು. ಒಂದು ಲೆಕ್ಕಾಚಾರ ಮತ್ತು ಸದ್ದಿಗೆ, ಇನ್ನೊಂದು ಚಿತ್ರಕ್ಕೆ. ಕೆಲಸ ಮಾಡುವಾಗ ಬಳಸುವ ನೆನಪು, ಅಂದರೆ ರ‍್ಯಾಮ್, ಬರೀ 2 ಕಿಲೋಬೈಟ್. ನಿಮ್ಮ ಫೋನಿನಲ್ಲಿರುವ ಒಂದು ಸಾಧಾರಣ ಫೋಟೋ ಇದರ ಸಾವಿರ ಪಾಲು ಜಾಗ ತಿನ್ನುತ್ತದೆ. ಈ ಯಂತ್ರವನ್ನು 1985ರಲ್ಲಿ ಅಮೆರಿಕಕ್ಕೆ ಕಳಿಸುವಾಗ ನಿಂಟೆಂಡೊ ಒಳಗೊಂದು ಬೀಗದ ಚಿಪ್ ಸೇರಿಸಿತು. ಅನುಮತಿ ಇಲ್ಲದ ಕ್ಯಾಸೆಟ್ ಹಾಕಿದರೆ ಆಟ ಶುರುವಾಗುತ್ತಿರಲಿಲ್ಲ. ಜಪಾನಿನ ಮೂಲ ಫ್ಯಾಮಿಕಾಮ್‌ಗೆ ಮಾತ್ರ ಆ ಬೀಗ ಇರಲಿಲ್ಲ. ಹಾಗಾಗಿ ತೈವಾನಿನ ತಯಾರಕರು ನಕಲು ಮಾಡಿದ್ದು ಜಪಾನಿನದ್ದನ್ನು. ಅಮೆರಿಕದ ಕ್ಯಾಸೆಟ್ಟಿಗೆ 72 ಪಿನ್, ಜಪಾನಿನದಕ್ಕೆ 60. ನಮ್ಮ ಪೇಟೆಯಲ್ಲಿ ಸಿಗುವ ಕ್ಯಾಸೆಟ್‌ಗಳು 60 ಪಿನ್ನಿನವು.

ತೈವಾನಿನ ಯುಎಂಸಿ ಕಂಪನಿ ಆ ಎರಡು ಚಿಪ್‌ಗಳ ತದ್ರೂಪು ತಯಾರಿಸಿತು. ಮುಂದೆ ಎರಡೂ ಸೇರಿ ಒಂದೇ ಚಿಪ್ ಆದವು. ಇಂದಿನ ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ನೋಡಿ. ದೊಡ್ಡ ಪ್ಲಾಸ್ಟಿಕ್ ಕವಚದೊಳಗೆ ಅಂಗೈ ಅಗಲದ ಹಸಿರು ಬೋರ್ಡು, ಅದರ ನಡುವೆ ಗಟ್ಟಿಯಾದ ಕಪ್ಪು ಅಂಟಿನ ಒಂದು ಗುಡ್ಡೆ. ಚಿಪ್ ಇರುವುದು ಆ ಅಂಟಿನ ಕೆಳಗೆ. ಅದಕ್ಕೆ ಪ್ರತ್ಯೇಕ ಹೊದಿಕೆ ಇಲ್ಲ, ಮೇಲೆ ಕಂಪನಿಯ ಹೆಸರಿಲ್ಲ, ನಂಬರಿಲ್ಲ. ಬೆಲೆ ಇಷ್ಟು ಇಳಿದಿರುವುದಕ್ಕೆ ಇದೇ ಕಾರಣ. ಕೆಟ್ಟರೆ ರಿಪೇರಿ ಆಗದಿರುವುದಕ್ಕೂ ಇದೇ ಕಾರಣ. ಅಂಟಿನ ಗುಡ್ಡೆಯನ್ನು ಬಿಡಿಸಿ ಬೇರೆ ಚಿಪ್ ಕೂರಿಸಲು ಬರುವುದಿಲ್ಲ.

ಭಾರತಕ್ಕೆ ಈ ಯಂತ್ರಗಳು ಹರಡಿದ್ದು 1990ರ ದಶಕದಲ್ಲಿ. ‘ಸಮುರಾಯ್’ ಎಂಬ ಹೆಸರಿನಲ್ಲಿ ನಿಂಟೆಂಡೊ ಪರವಾನಗಿ ಪಡೆದ ಯಂತ್ರವೂ ಇಲ್ಲಿ ಮಾರಾಟವಾಗಿತ್ತು. ಆದರೆ ಮಧ್ಯಮ ವರ್ಗದ ಮನೆ ಸೇರಿದ್ದು ‘ಮೀಡಿಯಾ’ದವರ ‘ಲಿಟಲ್ ಮಾಸ್ಟರ್’ನಂಥ ಕ್ಲೋನ್‌ಗಳು. ಇದು ನಮ್ಮ ದೇಶದ ಕತೆ ಮಾತ್ರವಲ್ಲ. ರಷ್ಯಾದಲ್ಲಿ ‘ಡೆಂಡಿ’, ಪೋಲೆಂಡಿನಲ್ಲಿ ‘ಪೆಗಾಸಸ್’ ಎಂಬ ಕ್ಲೋನ್‌ಗಳೇ ಒಂದು ತಲೆಮಾರಿಗೆ ವಿಡಿಯೋ ಗೇಮ್ ಪರಿಚಯಿಸಿದವು. ಅಸಲಿ ಯಂತ್ರ ಕೈಗೆಟುಕದ ಕಡೆ ಲಕ್ಷಾಂತರ ಮಕ್ಕಳು ಆಡಿದ್ದು ನಕಲಿಯಲ್ಲೇ. ಅವರ ಸಂತೋಷ ನಕಲಿಯಾಗಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹತ್ತು ಸಾವಿರ ಆಟ ಎಲ್ಲಿಂದ ಬಂತು?

ಈಗ ಆ 9999ರ ವಿಷಯ. ಮೆನು ತೆರೆದು ಕೆಳಗೆ ಸರಿಸುತ್ತ ಹೋಗಿ. ಮೊದಲ ಪುಟದಲ್ಲಿ ಕಾಂಟ್ರಾ, ಮಾರಿಯೋ, ಟ್ಯಾಂಕ್, ಬಾಂಬರ್‌ಮ್ಯಾನ್ ಇರುತ್ತವೆ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಹೆಸರು ಬೇರೆ, ಒತ್ತಿದರೆ ಅದೇ ಮಾರಿಯೋ. ಒಂದು ಹೆಸರಿನಡಿ ಆಟ ಮೂರನೇ ಹಂತದಿಂದ ಶುರುವಾಗುತ್ತದೆ. ಇನ್ನೊಂದರಲ್ಲಿ ಆಕಾಶದ ಬಣ್ಣ ಬೇರೆ. ಮತ್ತೊಂದರಲ್ಲಿ ಮಾರಿಯೋ ಮೊದಲಿಂದಲೇ ದೊಡ್ಡವನು. ಬೇರೆ ಬೇರೆ ಆಟಗಳನ್ನು ಎಣಿಸಿದರೆ ಎಷ್ಟೋ ಕ್ಯಾಸೆಟ್‌ಗಳಲ್ಲಿ ಕೈಬೆರಳಿನ ಲೆಕ್ಕಕ್ಕೆ ಮುಗಿಯುತ್ತದೆ.

ಇದು ಸಾಧ್ಯವಾಗುವುದು ಹೀಗೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟದ ಗಾತ್ರ 40 ಕಿಲೋಬೈಟ್ ಮಾತ್ರ. ಅದರಲ್ಲಿ 32 ಕಿಲೋಬೈಟ್ ಆಟದ ನಿಯಮ, ಹಂತಗಳು, ಸಂಗೀತ. ಉಳಿದ 8 ಚಿತ್ರಗಳು. ಇಂಥ ಪುಟ್ಟ ಆಟಗಳನ್ನು ಒಂದೇ ದೊಡ್ಡ ಚಿಪ್‌ನಲ್ಲಿ ಸಾಲಾಗಿ ತುಂಬುತ್ತಾರೆ. ಕನ್ಸೋಲ್‌ಗೆ ಒಮ್ಮೆಗೆ ಕಾಣುವುದು ಆ ಚಿಪ್‌ನ ಒಂದು ತುಂಡು ಮಾತ್ರ. ನೀವು ಮೆನುವಿನಲ್ಲಿ ಆಟ ಆರಿಸಿದಾಗ ಕ್ಯಾಸೆಟ್ಟಿನೊಳಗಿನ ಚಿಕ್ಕ ಸರ್ಕ್ಯೂಟ್ ಆ ಆಟದ ತುಂಡನ್ನು ಕನ್ಸೋಲ್‌ನ ಮುಂದೆ ತಂದಿಡುತ್ತದೆ. ಇದಕ್ಕೆ ಬ್ಯಾಂಕ್ ಸ್ವಿಚಿಂಗ್ ಎನ್ನುತ್ತಾರೆ. ಜೊತೆಗೆ ‘ಇಂತಿಷ್ಟನೇ ಹಂತದಿಂದ ಶುರು ಮಾಡು’ ಎಂಬ ಒಂದು ಸಂಖ್ಯೆ ಕೊಟ್ಟರೆ ಸಾಕು. ಹೊಸ ಆಟ ಬರೆಯದೆಯೇ ಪಟ್ಟಿಯಲ್ಲಿ ಹೊಸ ಹೆಸರು ಸೇರಿಸಬಹುದು.

ಆಟಗಳ ನಕಲಿನಲ್ಲೂ ಒಂದೇ ಬಗೆಯಿಲ್ಲ. ಎಲ್ಲವನ್ನೂ ‘ಡುಪ್ಲಿಕೇಟ್’ ಎಂದು ಒಂದೇ ಬುಟ್ಟಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸುಲಭದ ನಕಲು ಅಂದರೆ ಆಟವನ್ನು ಇದ್ದ ಹಾಗೇ ಎತ್ತಿಕೊಂಡು, ಶೀರ್ಷಿಕೆಯಲ್ಲಿರುವ ಕಂಪನಿಯ ಹೆಸರು ಮತ್ತು ವರ್ಷವನ್ನು ಅಳಿಸಿಬಿಡುವುದು. ಇದು ನೇರ ಕಳ್ಳತನ, ಹೆಚ್ಚು ಹೇಳಲು ಏನೂ ಇಲ್ಲ.

ಎರಡನೆಯದು ವೇಷ ಬದಲಾವಣೆ. ಪಾತ್ರಧಾರಿಯೂ ಕುಣಿತವೂ ಅವೇ, ವೇಷ ಮಾತ್ರ ಬೇರೆ. ಈ ಯಂತ್ರದಲ್ಲಿ ಚಿತ್ರಗಳೆಲ್ಲ 8×8 ಚುಕ್ಕಿಗಳ ಪುಟ್ಟ ಚೌಕಗಳು. ಅದಕ್ಕೆ ಟೈಲ್ ಎನ್ನುತ್ತಾರೆ. ಸಣ್ಣ ಮಾರಿಯೋ ಅಂದರೆ ಎರಡರ ಮೇಲೆ ಎರಡು, ಒಟ್ಟು ನಾಲ್ಕು ಟೈಲ್. ಜಾಗ ಎಷ್ಟು ಬಿಗಿಯಾಗಿತ್ತೆಂದರೆ ಆ ಆಟದ ಮೋಡವೂ ಪೊದೆಯೂ ಒಂದೇ ಚಿತ್ರ. ಬಿಳಿ ಬಣ್ಣ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಚಿತ್ರಗಳು ನಿಯಮಗಳಿಂದ ಬೇರೆಯಾಗಿ ಇನ್ನೊಂದು ಚಿಪ್‌ನಲ್ಲಿರುವುದರಿಂದ, ನಿಯಮವನ್ನು ಮುಟ್ಟದೆ ಟೈಲ್‌ಗಳನ್ನಷ್ಟೇ ತಿದ್ದಬಹುದು. ಹಾಗೆ ತಿದ್ದಿದರೆ ಬೇರೆ ಯಾರದೋ ಆಟದಲ್ಲಿ ಮಾರಿಯೋ ಓಡಾಡುತ್ತಾನೆ. ಇದರ ಪ್ರಸಿದ್ಧ ಉದಾಹರಣೆ ‘7 ಗ್ರ್ಯಾಂಡ್ ಡ್ಯಾಡ್’. ಟೈಟೊ ಕಂಪನಿಯ ಫ್ಲಿಂಟ್‌ಸ್ಟೋನ್ಸ್ ಆಟದ ನಾಯಕ ಫ್ರೆಡ್‌ನ ತಲೆ ತೆಗೆದು ಮಾರಿಯೋನ ತಲೆ ಕೂರಿಸಿದ್ದಾರೆ. ಕುತ್ತಿಗೆಯ ಕೆಳಗೆ ಇನ್ನೂ ಫ್ರೆಡ್‌ನ ಅಂಗಿಯೇ ಇದೆ. ಕ್ಯಾಸೆಟ್ಟಿನ ಮೇಲೆ ‘ಮಾರಿಯೋ 14’, ‘ಮಾರಿಯೋ 16’ ಎಂದೆಲ್ಲ ಇದ್ದರೆ ಒಳಗಿರುವುದು ಈ ಬಗೆಯದು. ನಿಂಟೆಂಡೊ ಈ ಯಂತ್ರಕ್ಕೆ ಅಂಥ ಸಂಖ್ಯೆಯ ಮಾರಿಯೋ ಮಾಡಿಯೇ ಇಲ್ಲ.

ಮೂರನೆಯ ಬಗೆ ನಿಜಕ್ಕೂ ಕುತೂಹಲದ್ದು. 1994ರಲ್ಲಿ ಬಂದ ‘ಸೊಮಾರಿ’ ಎಂಬ ಕ್ಯಾಸೆಟ್ ನೋಡಿ, ಅದು ಸೋನಿಕ್ ಆಟದ ನಕಲು. ಸೋನಿಕ್ ಆಟ ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರದ್ದು. ಅದು 16 ಬಿಟ್ ಯಂತ್ರ, ಅಂದರೆ ಫ್ಯಾಮಿಕಾಮ್‌ಗಿಂತ ಒಂದು ತಲೆಮಾರು ಮುಂದಿನದು. ಅದರ ಪ್ರೊಸೆಸರ್ ಸೆಕೆಂಡಿಗೆ 76 ಲಕ್ಷ ಬಾರಿ ಮಿಡಿದರೆ, ಫ್ಯಾಮಿಕಾಮ್‌ನದು ಸುಮಾರು 18 ಲಕ್ಷ ಬಾರಿ. ಇಂಥ ಯಂತ್ರಕ್ಕೆ ಸೋನಿಕ್ ಇಳಿಸುವುದು ಆಗದ ಮಾತು ಎನ್ನಬೇಕು. ತೈವಾನಿನ ಹಮ್ಮರ್ ಟೀಮ್ ಎಂಬ ತಂಡ ಮೊದಲಿಂದ ಹೊಸದಾಗಿ ಬರೆದು ಅದನ್ನು ಇಳಿಸಿತು. ನಾಯಕ ಸೋನಿಕ್ ಅಲ್ಲ, ಮಾರಿಯೋ. ಹಸಿರು ಗುಡ್ಡದ ಹಂತ ಇದೆ, ಉಂಗುರಗಳಿವೆ, ಸುತ್ತು ಹೊಡೆಯುವ ದಾರಿಯೂ ಇದೆ. ಮೂಲ ಸೋನಿಕ್‌ನಲ್ಲಿದ್ದ ನೀರಿನ ಹಂತವನ್ನು ಕೈಬಿಟ್ಟಿದ್ದಾರೆ. ಎರಡನೇ ಸೋನಿಕ್‌ನಲ್ಲಷ್ಟೇ ಬಂದ, ನಿಂತಲ್ಲೇ ಗಿರಗಿರ ತಿರುಗಿ ಚಿಮ್ಮುವ ಪಟ್ಟನ್ನು ಸೇರಿಸಿದ್ದಾರೆ. ಆಡಲು ಬಿಗಿ, ಕೆಲವೆಡೆ ತಡವರಿಸುತ್ತದೆ. ಆದರೂ 2 ಕಿಲೋಬೈಟ್ ರ‍್ಯಾಮ್‌ನಲ್ಲಿ ಅಷ್ಟು ದೂರ ಹೋದದ್ದು ದೊಡ್ಡ ಕಸುಬುದಾರಿಕೆ. ಇದೇ ತಂಡ ನಿಂಟೆಂಡೊದ ಮುಂದಿನ ಯಂತ್ರವಾದ ಸೂಪರ್ ನಿಂಟೆಂಡೊದ ‘ಸೂಪರ್ ಮಾರಿಯೋ ವರ್ಲ್ಡ್’ ಆಟವನ್ನೂ ಹೀಗೆಯೇ 8 ಬಿಟ್‌ನ ಫ್ಯಾಮಿಕಾಮ್‌ಗೆ ಇಳಿಸಿತ್ತು. ಮಾರಿಯೋ, ಸೋನಿಕ್ ಎಂಬ ಪಾತ್ರಗಳನ್ನು ಅವರು ಕದ್ದರು, ನಿಜ. ಪ್ರೋಗ್ರಾಂ ಮಾತ್ರ ಅವರದೇ ದುಡಿಮೆ. ಈ ವ್ಯತ್ಯಾಸ ಗೊತ್ತಿದ್ದರೆ ಆ ಆಟವನ್ನು ನೋಡುವ ಕಣ್ಣೇ ಬೇರೆ.

ಪರವಾನಗಿ ಇಲ್ಲದ್ದೆಲ್ಲ ನಕಲು ಎಂದೂ ತಿಳಿಯಬೇಡಿ. ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್ ಕಂಪನಿ ನಿಂಟೆಂಡೊ ಅನುಮತಿ ಇಲ್ಲದೆಯೇ ತನ್ನ ಸ್ವಂತ ಆಟಗಳನ್ನು ಹೊರತಂದಿತ್ತು. ಗುಹಾಮಾನವನೊಬ್ಬ ಓಡಾಡುವ ‘ಬಿಗ್ ನೋಸ್ ದ ಕೇವ್‌ಮ್ಯಾನ್’ ಅಂಥ ಪ್ಲಾಟ್‌ಫಾರ್ಮ್ ಗೇಮ್. ಅದರಲ್ಲಿ ಯಾರ ಪಾತ್ರವನ್ನೂ ಕದ್ದಿಲ್ಲ.

ಕಾನೂನು ಏನು ಹೇಳುತ್ತದೆ?

ಹಾರುವ ಆಟ ಎಂಬ ಕಲ್ಪನೆಗೆ ಯಾರೂ ಒಡೆಯರಲ್ಲ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಅದು ಒಂದು ನಾಟಕ ಮತ್ತು ಒಂದು ಸಿನಿಮಾ ನಡುವಿನ ವ್ಯಾಜ್ಯ, ಆದರೆ ತತ್ವ ಇಲ್ಲಿಗೂ ಹೊಂದುತ್ತದೆ. ‘ಅಡ್ವೆಂಚರ್ ಐಲ್ಯಾಂಡ್’ ಇದಕ್ಕೆ ಚೆಂದದ ಉದಾಹರಣೆ. ಟೋಪಿ ಹಾಕಿಕೊಂಡು ಕಲ್ಲಿನ ಕೊಡಲಿ ಎಸೆಯುತ್ತ ಹಣ್ಣು ಹೆಕ್ಕುವ ಆ ಆಟ ನಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಮೂಲದಲ್ಲಿ ಅದು ‘ವಂಡರ್ ಬಾಯ್’. ಆಟದ ಹಕ್ಕು ಅದನ್ನು ಬರೆದ ಕಂಪನಿಯ ಬಳಿ ಇತ್ತು, ಹೆಸರು ಮತ್ತು ನಾಯಕನ ಹಕ್ಕು ಸೆಗಾ ಬಳಿ. ಹಾಗಾಗಿ ಹಡ್ಸನ್ ಕಂಪನಿ 1986ರಲ್ಲಿ ಅನುಮತಿ ಪಡೆದು, ಹೆಸರು ಮತ್ತು ನಾಯಕನನ್ನು ಬದಲಿಸಿ ಫ್ಯಾಮಿಕಾಮ್‌ಗೆ ತಂದಿತು. ಅದು ಕಾನೂನುಬದ್ಧ ತದ್ರೂಪು. ಇನ್ನೊಂದು ಕಡೆ, 1987ರಲ್ಲಿ ಜರ್ಮನಿಯಿಂದ ಬಂದ ‘ಗ್ರೇಟ್ ಜಿಯಾನಾ ಸಿಸ್ಟರ್ಸ್’ ಆಟದ ಹಂತಗಳು ಮಾರಿಯೋಗೆ ತೀರಾ ಹತ್ತಿರವಿದ್ದವು. ಅದನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು.

ಹಾಗಾದರೆ ಮನೆಗೆ ತಂದವರ ಗತಿ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ನಕಲು ಎಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸುವುದು ಅಪರಾಧ. ಶಿಕ್ಷೆ 7 ದಿನದಿಂದ 3 ವರ್ಷದವರೆಗೆ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕೆ ಬಳಸದಿದ್ದರೆ ನ್ಯಾಯಾಲಯ ವಿಶೇಷ ಕಾರಣ ನೋಡಿ ಜೈಲು ಬಿಟ್ಟು, 50 ಸಾವಿರ ಮೀರದ ದಂಡವಷ್ಟೇ ಹಾಕಬಹುದು. ಕಾಯ್ದೆಯಲ್ಲಿ ‘ಕಂಪ್ಯೂಟರ್’ ಎಂಬುದರ ವ್ಯಾಖ್ಯೆ ವಿಶಾಲವಾಗಿದೆ, ಆಟದ ಯಂತ್ರವೂ ಅದರೊಳಗೆ ಬರುತ್ತದೆ. ಗಂಟೆಗಿಷ್ಟು ಎಂದು ದುಡ್ಡು ಪಡೆದು ಆಡಿಸುವ ಅಂಗಡಿ ಇಡುವ ಯೋಚನೆ ಇದ್ದರೆ ಈ ಡಬ್ಬಿಯನ್ನು ಅದಕ್ಕೆ ಬಳಸಲೇಬೇಡಿ. ಇನ್ನು ಯಂತ್ರದ ಮಾತು ಬೇರೆ. ಪೇಟೆಂಟಿನ ಅವಧಿ 20 ವರ್ಷ. 1983ರ ಯಂತ್ರದ ಪೇಟೆಂಟ್‌ಗಳು ಎಂದೋ ಮುಗಿದಿವೆ. ಖಾಲಿ ಯಂತ್ರ ತಯಾರಿಸುವುದಕ್ಕೆ ಅಡ್ಡಿಯಿಲ್ಲ, ತೊಡಕಿರುವುದು ಒಳಗೆ ತುಂಬಿದ ಆಟಗಳಲ್ಲಿ.

ಬೆಲೆ, ಅಂಗಡಿ, ಪರೀಕ್ಷೆ

ಈಗ ಸಿಗುವುದು ಮುಖ್ಯವಾಗಿ ಮೂರು ರೂಪದಲ್ಲಿ. ಕೈಯಲ್ಲಿ ಹಿಡಿದು ಆಡುವ, ‘ಸಪ್’ ಎಂದು ಬರೆದ 400 ಆಟಗಳ ಪುಟ್ಟ ಯಂತ್ರ ಸುಮಾರು 400ರಿಂದ 700 ರೂಪಾಯಿ. ಎರಡು ರಿಮೋಟ್ ಸಹಿತ ಟಿವಿಗೆ ಸಿಕ್ಕಿಸುವ ಡಬ್ಬಿ 700ರಿಂದ 1,300. ಎಚ್‌ಡಿಎಂಐ ಕಿಂಡಿಗೆ ಹಾಕುವ, ವೈರಿಲ್ಲದ ರಿಮೋಟಿನ ‘ಗೇಮ್ ಸ್ಟಿಕ್’ 1,500ರಿಂದ 2,500. ಸ್ಟಿಕ್‌ನಲ್ಲಿ ಕಪ್ಪು ಅಂಟಿನ ಚಿಪ್ ಇಲ್ಲ. ಅದೊಂದು ಚಿಕ್ಕ ಕಂಪ್ಯೂಟರ್. ಹಳೆಯ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶದಿಂದ ಆಟ ನಡೆಸುತ್ತದೆ. ಆಟಗಳೆಲ್ಲ ಮೆಮೊರಿ ಕಾರ್ಡಿನಲ್ಲಿರುತ್ತವೆ. ಮೊದಲು ಕೈಕೊಡುವುದೂ ಆ ಅಗ್ಗದ ಕಾರ್ಡೇ.

ಹೊಸದಕ್ಕೆ ಬೇಗಂ ಬಜಾರ್, ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ ನೋಡಬಹುದು. ಸಿಕಂದರಾಬಾದ್ ಕಡೆಯವರಿಗೆ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಹಳೆಯ ಕ್ಯಾಸೆಟ್ ಹುಡುಕುವವರು ಗುರುವಾರದ ಜುಮೇರಾತ್ ಬಜಾರ್ ಅಥವಾ ಎರ್ರಗಡ್ಡದ ಭಾನುವಾರದ ಸಂತೆಗೆ ಬೆಳಿಗ್ಗೆ ಬೇಗ ಹೋಗಿ. ಅಲ್ಲಿ ‘ಗ್ಯಾರಂಟಿ ನೈ ಸಾಬ್’ ಎಂಬ ಮಾತು ಮೊದಲೇ ಬರುತ್ತದೆ, ಅದಕ್ಕೆ ತಕ್ಕಂತೆ ಚೌಕಾಸಿ ಮಾಡಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಮತ್ತು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಇವೆ.

ದುಡ್ಡು ಕೊಡುವ ಮೊದಲು ನೋಡಬೇಕಾದ ದೊಡ್ಡ ವಿಷಯ ಆಟವಲ್ಲ, ಕರೆಂಟು. 2012ರ ಕಡ್ಡಾಯ ನೋಂದಣಿ ಆದೇಶದ ಮೊದಲ ಪಟ್ಟಿಯಲ್ಲೇ ವಿಡಿಯೋ ಗೇಮ್ ಇತ್ತು, ಅಡಾಪ್ಟರ್ ಆಮೇಲೆ ಸೇರಿತು. ಎರಡರ ಮೇಲೂ ಭಾರತೀಯ ಮಾನಕ ಬ್ಯೂರೋ ಅಂದರೆ ಬಿಐಎಸ್‌ನ ‘ಆರ್’ ಅಕ್ಷರದಿಂದ ಶುರುವಾಗುವ 8 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿಗಿದೆ ಎಂದು ತೋರಿಸುತ್ತದೆ. ಅಗ್ಗದ ಡಬ್ಬಿಗಳಲ್ಲಿ ಎಷ್ಟೋ ಸಲ ಇದು ಕಾಣುವುದೇ ಇಲ್ಲ. ಹಾಗಿದ್ದರೆ ಡಬ್ಬಿಯೊಂದಿಗೆ ಬಂದ ಹಗುರ ಅಡಾಪ್ಟರ್ ಬಳಸಬೇಡಿ. ಅಷ್ಟೇ ವೋಲ್ಟಿನ ಒಳ್ಳೆಯ ಅಡಾಪ್ಟರ್ ಬೇರೆ ಕೊಳ್ಳಿ. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿಕ್ಕ ಚಿತ್ರ ಎರಡರ ಮೇಲೂ ಇರುತ್ತದೆ, ಹೋಲಿಸಿ ನೋಡಿ. ತಿರುಗುಮುರುಗಾದರೆ ಬೋರ್ಡು ಸುಡುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರದಲ್ಲಿರುವುದು ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಅಳತೆಯ ಬ್ಯಾಟರಿ. ಉಬ್ಬಿದ್ದರೆ ಮುಚ್ಚಳ ಕೂರುವುದಿಲ್ಲ. ಒತ್ತಿ ಕೂರಿಸಬೇಡಿ, ಬದಲಾಯಿಸಿ. ಚಾರ್ಜಿಗಿಟ್ಟು ಮಲಗಬೇಡಿ. ಮಕ್ಕಳ ಕೈಯ ವಸ್ತು, ಇದರಲ್ಲಿ ಮಾತ್ರ ರಾಜಿ ಬೇಡ.

ಮನೆಯ ಟಿವಿಯನ್ನೂ ನೋಡಿಕೊಳ್ಳಿ. ಹಳೆಯ ಮಾದರಿಯ ಡಬ್ಬಿಗೆ ಹಳದಿ, ಬಿಳಿ ಎವಿ ಪಿನ್‌ಗಳು ಬೇಕು. ಹೊಸ ಎಲ್‌ಇಡಿ ಟಿವಿಗಳಲ್ಲಿ ಅದು ಇಲ್ಲದಿರಬಹುದು, ಅಥವಾ ಇಯರ್‌ಫೋನ್‌ನಂಥ ಒಂದೇ ತೂತು ಇದ್ದು ಬೇರೆ ವೈರ್ ಕೇಳಬಹುದು. ಡಬ್ಬಿಯೊಂದಿಗೆ ಬರುವ ಬಾತುಕೋಳಿ ಹೊಡೆಯುವ ಗನ್ ಹೊಸ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಅದು ಹಳೆಯ ಪಿಕ್ಚರ್ ಟ್ಯೂಬಿನ ಬೆಳಕಿನ ಮಿಡಿತವನ್ನು ಹಿಡಿಯುವ ಸಾಧನ. ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಒಂದೇ ಸಾಲಿನಲ್ಲಿ ಪಾತ್ರಗಳು ಹೆಚ್ಚಾದಾಗ ಮಿಣುಕುವುದೂ ದೋಷವಲ್ಲ. ಅಡ್ಡ ಸಾಲೊಂದಕ್ಕೆ 8 ತುಂಡು ಚಿತ್ರ ಎಂಬುದು ಮೂಲ ಫ್ಯಾಮಿಕಾಮ್‌ನದೇ ಮಿತಿ. ಸದ್ದು ಹಳೆಯದಕ್ಕಿಂತ ಬೇರೆ ಅನಿಸಿದರೆ ಅದು ಮಾತ್ರ ಕ್ಲೋನ್ ಚಿಪ್‌ನ ತಪ್ಪು.

‘ನಕಲು ಬೇಡ, ಆದರೆ ಅಂಥದ್ದೇ ಆಟ ಬೇಕು’ ಎನ್ನುವವರಿಗೆ ದಾರಿಗಳಿವೆ. ‘ಸೂಪರ್‌ಟಕ್ಸ್’ ಮಾರಿಯೋ ಶೈಲಿಯ ಆಟ, ನಾಯಕ ಒಂದು ಪೆಂಗ್ವಿನ್. ಉಚಿತ, ಕಾನೂನುಬದ್ಧ, ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಕಾಂಟ್ರಾ ಬೇಕೆಂದರೆ ಅದರ ಮೂಲ ಕಂಪನಿ ಕೊನಾಮಿಯವರೇ 2019ರಲ್ಲಿ ಹಳೆಯ ಹಲವು ಕಾಂಟ್ರಾಗಳನ್ನು ಸೇರಿಸಿ ‘ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್’ ತಂದಿದ್ದಾರೆ. ನನಗೆ ಹೆಚ್ಚು ಇಷ್ಟವಾದದ್ದು ಅದೇ ವರ್ಷ ಬಂದ ‘ಮೈಕ್ರೊ ಮೇಜಸ್’. ಜರ್ಮನಿಯ ಮಾರ್ಫ್‌ಕ್ಯಾಟ್ ತಂಡ ಅದನ್ನು ಇದೇ ಹಳೆಯ ಯಂತ್ರಕ್ಕೆಂದು ಹೊಸದಾಗಿ ಬರೆದಿದೆ. ಗಾತ್ರ ಮೊದಲ ಮಾರಿಯೋದಷ್ಟೇ, 40 ಕಿಲೋಬೈಟ್. ನಾಲ್ಕು ಮಂದಿ ಒಟ್ಟಿಗೆ ಆಡಬಹುದು, ಕೊಟ್ಟ ದುಡ್ಡು ಬರೆದವರಿಗೆ ಸೇರುತ್ತದೆ.

ಕೊನೆಯದಾಗಿ, ಅಟ್ಟದ ಮೇಲೆ ಹಳೆಯ ಯಂತ್ರ ಇರುವವರಿಗೆ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಬೇಡಿ. ಉಸಿರಿನ ತೇವದಿಂದ ತಾಮ್ರ ಕಿಲುಬುತ್ತದೆ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿವೆ. ಅಲ್ಲಿ ಐಪಿಎ ಎಂದು ಕೇಳಿ, ಬೋರ್ಡು ತೊಳೆಯುವ ಆಲ್ಕೊಹಾಲ್ ಕೊಡುತ್ತಾರೆ. ಹತ್ತಿ ಕಡ್ಡಿಗೆ ಹಚ್ಚಿ ಪಿನ್‌ಗಳನ್ನು ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಯಂತ್ರಕ್ಕೆ ಜೀವವೇ ಬರದಿದ್ದರೆ ಬೋರ್ಡಿನಲ್ಲಿ ತಗಡಿನ ಬೆನ್ನಿರುವ, ಮೂರು ಕಾಲಿನ 7805 ಎಂಬ ಬಿಡಿಭಾಗ ಹುಡುಕಿ. ಅಡಾಪ್ಟರಿನ 9 ವೋಲ್ಟನ್ನು 5ಕ್ಕೆ ಇಳಿಸುವುದು ಅದರ ಕೆಲಸ, ಬಿಸಿಯಾಗಿ ಆಗಾಗ ಸಾಯುವುದೂ ಅದೇ. ಹತ್ತಿಪ್ಪತ್ತು ರೂಪಾಯಿಗೆ ಅದೇ ಗಲ್ಲಿಯಲ್ಲಿ ಹೊಸದು ಸಿಗುತ್ತದೆ. ಬೆಸುಗೆ ಹಾಕಲು ಬಾರದವರು ಯಂತ್ರವನ್ನೇ ಜೊತೆಗೆ ಒಯ್ದು, ರೇಡಿಯೋ ರಿಪೇರಿಯವರಲ್ಲಿ ಹಾಕಿಸಿಕೊಳ್ಳಿ.